ಲೇಹ್‌ನಲ್ಲಿ ಸೆಪ್ಟೆಂಬರ್ ಓಟ: ಎಷ್ಟು ದಿನ ಮುಂಚೆ ಹೋಗಬೇಕು?

ಲಾಲ್‌ಬಾಗ್ ಬೆಳಗು

ಎಲ್ಲರಿಗೂ ನಮಸ್ಕಾರ. ಬರುವ ಸೆಪ್ಟೆಂಬರ್‌ನಲ್ಲಿ ಲಡಾಖ್ ಮ್ಯಾರಥಾನ್‌ನ ಹಾಫ್ (21 ಕಿಲೋಮೀಟರ್) ಓಡೋಣ ಅಂತ ನಾನೂ ನಮ್ಮ ಯಜಮಾನರೂ ಮನಸ್ಸು ಮಾಡಿದ್ದೇವೆ. ಇಬ್ಬರೂ ಬೆಂಗಳೂರಿನಲ್ಲಿ ಹಾಫ್ ಓಡಿದವರು, ಎರಡೂ ಕಾಲು ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತೇವೆ. ಆಫೀಸಿನಲ್ಲಿ ಒಂದು ವಾರ ರಜೆ ಸಿಗುತ್ತೆ, ಅದಕ್ಕಿಂತ ಹೆಚ್ಚು ಕಷ್ಟ. ಸದ್ಯಕ್ಕೆ ಹಾಕಿಕೊಂಡಿರುವ ಲೆಕ್ಕ: ಗುರುವಾರ ವಿಮಾನದಲ್ಲಿ ಲೇಹ್, ಶುಕ್ರವಾರ ವಿಶ್ರಾಂತಿ, ಶನಿವಾರ ಬಿಬ್ (ಎದೆಗೆ ಹಚ್ಚುವ ಓಟದ ನಂಬರು) ತೆಗೆದುಕೊಂಡು ಬಜಾರ್ ಸುತ್ತುವುದು, ಭಾನುವಾರ ಓಟ. ಆಮೇಲೆ ನುಬ್ರಾ ಕಣಿವೆ, ಪ್ಯಾಂಗಾಂಗ್ ಸರೋವರ ನೋಡಿಕೊಂಡು ವಾಪಸ್.

ಇದು ನಡೆಯುತ್ತದೆಯೇ? ಅಲ್ಲಿ ಓಡಿದವರು ದಯವಿಟ್ಟು ಹೇಳಿ. ಬೆಂಗಳೂರಿನಲ್ಲಿದ್ದುಕೊಂಡು ಹೇಗೆ ತಯಾರಿ ಮಾಡಬೇಕು ಅನ್ನುವುದೂ ಬೇಕು.

ಚಾಮುಂಡಿ ಮೆಟ್ಟಿಲು

ಮೇಡಂ, ಲೆಕ್ಕವನ್ನು ತಲೆಕೆಳಗು ಮಾಡಿ. ರಜೆ ಅದೇ ಒಂದು ವಾರ ಇರಲಿ. ಓಟದ ಹಿಂದಿನ ವಾರದ ಶನಿವಾರ ಬೆಳಗ್ಗೆ ಲೇಹ್‌ನಲ್ಲಿ ಇಳಿಯಿರಿ, ಮರುವಾರದ ಭಾನುವಾರ ಓಡಿ, ಸೋಮವಾರ ಬೆಳಗ್ಗೆ ಹೊರಟುಬಿಡಿ. ಹೀಗೆ ಮಾಡಿದರೆ ಓಟದ ಮುಂಚೆ ಎಂಟು ರಾತ್ರಿ ಸಿಗುತ್ತವೆ. ನಿಮ್ಮ ಲೆಕ್ಕದಲ್ಲಿ ಸಿಗುವುದು ಮೂರೇ. ಊರು ನೋಡುವುದೆಲ್ಲ ಓಟಕ್ಕೆ ಮುಂಚೆಯೇ ಆಗಲಿ, ಅದೇ ನಿಮಗೆ ತರಬೇತಿಯೂ ಆಗುತ್ತದೆ.

ನಾನು ಅಲ್ಲಿ ಫುಲ್ ಮ್ಯಾರಥಾನ್ ಓಡಿದ್ದೇನೆ. ಅಲ್ಲಿಂದ ಬಂದಮೇಲೆ ಯಾರು ಕೇಳಿದರೂ ಇದೊಂದನ್ನೇ ಹೇಳುತ್ತೇನೆ: ಲೇಹ್‌ನ ಓಟ ಭಾನುವಾರ ಶುರುವಾಗುವುದಿಲ್ಲ, ನೀವು ವಿಮಾನದಿಂದ ಕಾಲು ಕೆಳಗಿಟ್ಟ ಗಳಿಗೆಯಿಂದಲೇ ಶುರುವಾಗಿರುತ್ತದೆ. ಊರು ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಬೆಂಗಳೂರು 920. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ ಇಲ್ಲೂ ಶೇಕಡಾ 21 ಇದ್ದರೂ ಗಾಳಿಯ ಒತ್ತಡವೇ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕೆ ಇಳಿದಿರುತ್ತದೆ. ಒಂದೊಂದು ಉಸಿರಿಗೂ ಅಷ್ಟು ಕಡಿಮೆ. ಹೋಟೆಲ್ ಮೆಟ್ಟಿಲು ಹತ್ತಿ ಎರಡನೇ ಮಹಡಿಗೆ ಹೋಗುವಷ್ಟರಲ್ಲಿ ಇದು ಅರ್ಥವಾಗುತ್ತದೆ.

ಇನ್ನೊಂದು ಉಪಾಯ ಹೇಳುತ್ತೇನೆ, ಬಹಳ ಜನ ಮಾಡುವುದಿಲ್ಲ. ಇಳಿದ ದಿನ ಲೇಹ್‌ನಲ್ಲಿ ಉಳಿಯಲೇಬೇಕು ಅಂತೇನಿಲ್ಲ. ವಿಮಾನ ನಿಲ್ದಾಣದಿಂದಲೇ ಟ್ಯಾಕ್ಸಿ ಹಿಡಿದು ಸಿಂಧೂ ನದಿಯ ಜಾಡು ಹಿಡಿದು ಪಶ್ಚಿಮಕ್ಕೆ, ಆಲ್ಚಿ ಕಡೆಗೆ ಹೋಗಿ. ಅದು ಸುಮಾರು 3,100 ಮೀಟರ್. ಮೊದಲ ಎರಡು ರಾತ್ರಿ ಅಲ್ಲಿ ಮಲಗಿ ಆಮೇಲೆ ಲೇಹ್‌ಗೆ ಬಂದರೆ ತಲೆನೋವಿನ ಕಾಟ ಬಹಳ ಮಟ್ಟಿಗೆ ತಪ್ಪುತ್ತದೆ. ಏಪ್ರಿಕಾಟ್ ತೋಟಗಳ ನಡುವೆ ಇರುವ ಹಳ್ಳಿ ಅದು. ಅಲ್ಲಿನ ಹಳೆಯ ಬೌದ್ಧ ಗುಡಿಗಳ ಒಳಗಿನ ಗೋಡೆಚಿತ್ರಗಳು ಎಂಟುನೂರು ವರ್ಷಕ್ಕೂ ಹಳೆಯವು, ಕಾಶ್ಮೀರದ ಕಲಾವಿದರ ಕೈ ಕಾಣುತ್ತದೆ. ಸುಮ್ಮನೆ ಕೂತು ನೋಡುವಂಥ ಜಾಗ. ಮೊದಲೆರಡು ದಿನ ಮೈಗೆ ಬೇಕಾದದ್ದೂ ಅದೇ.

ಕೊಡಗಿನ ನಿವೃತ್ತ ಜವಾನ್

ಮೈಸೂರಿನವರು ಹೇಳಿದ್ದು ಸರಿ. ನಾನು ಸೈನ್ಯದಲ್ಲಿದ್ದಾಗ ಆ ಕಡೆ ಇದ್ದವನು. ಸೈನ್ಯದಲ್ಲಿ ಇದಕ್ಕೆ ಒಂದು ಕಟ್ಟುನಿಟ್ಟಾದ ಪದ್ಧತಿ ಇದೆ, ಇಪ್ಪತ್ತರ ಹರೆಯದ ಗಟ್ಟಿಮುಟ್ಟಾದ ಹುಡುಗನಿಗೂ ವಿನಾಯಿತಿ ಇಲ್ಲ. 9,000ದಿಂದ 12,000 ಅಡಿವರೆಗೆ ಮೊದಲ ಹಂತ, ಆರು ದಿನ. ಅದರಲ್ಲಿ ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ, ಊಟಕ್ಕೆ ಎದ್ದು ಹೋಗಿ ಬರುವುದಷ್ಟೆ. ಮೂರು, ನಾಲ್ಕನೇ ದಿನ ಸಮತಟ್ಟು ನೆಲದಲ್ಲಿ ನಿಧಾನ ನಡಿಗೆ. ಐದು, ಆರನೇ ದಿನ ನಡಿಗೆಯ ದೂರ ಹೆಚ್ಚಿಸಿ ಸ್ವಲ್ಪ ಏರು ಹತ್ತಿಸುತ್ತಾರೆ. ಅಲ್ಲಿಂದ 15,000 ಅಡಿವರೆಗೆ ಎರಡನೇ ಹಂತ, ಇನ್ನೂ ನಾಲ್ಕು ದಿನ. ಅದಕ್ಕೂ ಮೇಲೆ ಮತ್ತೆ ನಾಲ್ಕು ದಿನ.

ಲೇಹ್ ಬರುವುದು ಮೊದಲ ಹಂತದಲ್ಲಿ. ಅಂದರೆ ಬಂದೂಕು ಹೊತ್ತು ಕೆಲಸ ಮಾಡಬೇಕಾದವನಿಗೇ ಆರು ದಿನ ಕೊಡುತ್ತಾರೆ. 21 ಕಿಲೋಮೀಟರ್ ಓಡಬೇಕು ಅನ್ನುವವರು ಮೂರು ರಾತ್ರಿಯಲ್ಲಿ ಮುಗಿಸುತ್ತೇವೆ ಅನ್ನುವುದು ಸರಿಯಲ್ಲ. ರಜೆ ಮುಗಿಸಿ ಊರಿಂದ ವಾಪಸ್ ಬಂದ ಅನುಭವಿ ಜವಾನನಿಗೂ ಮತ್ತೆ ಈ ಕ್ರಮ ಇದೆ. ಹಿಂದೆ ಬಂದಿದ್ದೆ, ನನಗೆ ಅಭ್ಯಾಸ ಇದೆ ಅನ್ನುವ ಮಾತು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಜಯನಗರ ಪೇಸರ್

ಸ್ವಲ್ಪ ಬೇರೆ ಅಭಿಪ್ರಾಯ. ನಮ್ಮ ಗುಂಪಿನ ಹುಡುಗರು ಶುಕ್ರವಾರ ಇಳಿದು ಭಾನುವಾರ ಹಾಫ್ ಓಡಿ ಆರಾಮಾಗಿ ಮುಗಿಸಿದ್ದಾರೆ. ಯಾರಿಗೂ ಏನೂ ಆಗಲಿಲ್ಲ. ಫಿಟ್ ಆಗಿರುವವರಿಗೆ ಇಷ್ಟೊಂದು ಹೆದರಿಸಬೇಕಾ? ಎಲ್ಲರಿಗೂ ಒಂಬತ್ತು ದಿನ ಲೇಹ್‌ನಲ್ಲಿ ಕೂರುವಷ್ಟು ರಜೆಯೂ ಇರುವುದಿಲ್ಲ, ದುಡ್ಡೂ ಇರುವುದಿಲ್ಲ.

ಡಾಕ್ಟರಮ್ಮ ಶಿವಮೊಗ್ಗ

ಜಯನಗರದವರೇ, ಅವರು ಮುಗಿಸಿದ್ದು ಸಂತೋಷ. ಆದರೆ ಎತ್ತರದ ಕಾಯಿಲೆಗೂ ಫಿಟ್‌ನೆಸ್‌ಗೂ ಸಂಬಂಧವಿಲ್ಲ. ಇದು ನನ್ನ ಅಭಿಪ್ರಾಯವಲ್ಲ, ವೈದ್ಯಕೀಯದಲ್ಲಿ ಚೆನ್ನಾಗಿ ಗೊತ್ತಿರುವ ವಿಷಯ. ಚೆನ್ನಾಗಿ ಓಡುವವರಿಗೆ ಅಪಾಯ ಒಂದು ತೂಕ ಹೆಚ್ಚೇ, ಯಾಕೆಂದರೆ ಅವರು ಮೊದಲ ದಿನ ಸುಮ್ಮನೆ ಕೂರುವುದಿಲ್ಲ. "ಕಾಲು ಸಡಿಲ ಮಾಡಿಕೊಂಡು ಬರ್ತೀನಿ" ಅಂತ ಐದು ಕಿಲೋಮೀಟರ್ ಓಡಿ ಬರುತ್ತಾರೆ, ಸಂಜೆ ಹೊತ್ತಿಗೆ ತಲೆ ಸಿಡಿಯುತ್ತಿರುತ್ತದೆ.

ಮೈಯೊಳಗೆ ಏನು ನಡೆಯುತ್ತದೆ ಅಂತ ತಿಳಿದರೆ ದಿನಗಳು ಯಾಕೆ ಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಆಮ್ಲಜನಕ ಕಡಿಮೆ ಅಂತ ಗೊತ್ತಾದ ತಕ್ಷಣ ಉಸಿರಾಟ ಹೆಚ್ಚುತ್ತದೆ. ಉಸಿರಾಟ ಹೆಚ್ಚಾದರೆ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತ ಕ್ಷಾರದ ಕಡೆಗೆ ವಾಲುತ್ತದೆ. ಆಗ ಮಿದುಳು ಉಸಿರಾಟಕ್ಕೆ ಕಡಿವಾಣ ಹಾಕುತ್ತದೆ. ಮೂತ್ರಪಿಂಡ ಬೈಕಾರ್ಬನೇಟನ್ನು ಹೊರಗೆ ಹಾಕಿ ಇದನ್ನು ಸರಿದೂಗಿಸಬೇಕು, ಅದಕ್ಕೆ ಕೆಲವು ದಿನ ಹಿಡಿಯುತ್ತದೆ. ಅದು ಆಗುವವರೆಗೆ ನಿದ್ದೆಯಲ್ಲಿ ಉಸಿರು ಏರುಪೇರಾಗುತ್ತದೆ, ಒಂದು ಕ್ಷಣ ನಿಂತಂತಾಗಿ ಎಚ್ಚರವಾಗುತ್ತದೆ, ಪದೇಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಇವೆಲ್ಲ ಸಹಜ, ಗಾಬರಿ ಬೇಡ. ರಕ್ತದಲ್ಲಿ ಕೆಂಪು ಕಣಗಳು ನಿಜವಾಗಿ ಹೆಚ್ಚಾಗುವುದಕ್ಕೆ ವಾರಗಳೇ ಬೇಕು, ಅಷ್ಟು ರಜೆ ಯಾರಿಗೂ ಸಿಗುವುದಿಲ್ಲ. ಒಂದು ವಾರದಲ್ಲಿ ಸಿಗುವುದು ಈ ಮೊದಲ ಹೊಂದಾಣಿಕೆ. ಸುರಕ್ಷಿತವಾಗಿ ಓಡಲು ಅದು ಸಾಕು.

ಯಾವುದು ಸಹಜವಲ್ಲ ಅನ್ನುವುದನ್ನು ಮಾತ್ರ ಮನೆಯವರೆಲ್ಲ ಕೂತು ಓದಿಕೊಳ್ಳಿ. ತಲೆನೋವಿನ ಜೊತೆ ವಾಕರಿಕೆ, ಸುಸ್ತು, ತಲೆಸುತ್ತು ಇದ್ದರೆ ಅದು ಎತ್ತರದ ಕಾಯಿಲೆ ಅಂತಲೇ ತಿಳಿಯಿರಿ. ಮೇಲಕ್ಕೆ ಹೋಗಬೇಡಿ, ಓಡಬೇಡಿ. ಸುಮ್ಮನೆ ಕೂತಿದ್ದಾಗಲೂ ಏದುಸಿರು, ಕೆಮ್ಮು, ಎದೆಯಲ್ಲಿ ಗುಳುಗುಳು ಶಬ್ದ ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಇದು ಸಾಮಾನ್ಯವಾಗಿ ಬರುವುದು ಎರಡರಿಂದ ನಾಲ್ಕನೇ ದಿನದೊಳಗೆ. ಗುರುವಾರ ಇಳಿದವರಿಗೆ ಭಾನುವಾರ ಅನ್ನುವುದು ಸರಿಯಾಗಿ ಆ ಅವಧಿಯ ಒಳಗೇ ಬೀಳುತ್ತದೆ, ಗಮನಿಸಿ. ನೇರ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲು ಆಗದೆ ತೂರಾಡಿದರೆ, ಮಾತು ತಡವರಿಸಿದರೆ ಮಿದುಳು ಊದಿಕೊಳ್ಳುತ್ತಿದೆ. ಈ ಎರಡಕ್ಕೂ ಒಂದು ಗಳಿಗೆ ಕಾಯಬಾರದು. ಆಮ್ಲಜನಕ, ಆಸ್ಪತ್ರೆ, ಕೆಳಗೆ ಇಳಿಯುವುದು. ಲೇಹ್‌ನಲ್ಲಿ ಎಸ್‌ಎನ್‌ಎಂ ಆಸ್ಪತ್ರೆ ಇದೆ, ಈ ಕಾಯಿಲೆಗಳನ್ನು ನೋಡಿ ನೋಡಿ ಅಲ್ಲಿನ ವೈದ್ಯರಿಗೆ ಬಹಳ ಅನುಭವವಿದೆ.

ಕೊಡಗಿನ ನಿವೃತ್ತ ಜವಾನ್

ಡಾಕ್ಟರಮ್ಮ ಕೆಳಗೆ ಇಳಿಯುವುದು ಅಂದಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಬೇರೆ ಬೆಟ್ಟದೂರುಗಳ ಹಾಗೆ ಲೇಹ್‌ನಿಂದ ಸುಲಭವಾಗಿ ಇಳಿಯಲು ಆಗುವುದಿಲ್ಲ. ಮನಾಲಿ ದಾರಿ ತಂಗ್ಲಂಗ್ ಲಾ (ಲಾ ಅಂದರೆ ಬೆಟ್ಟ ದಾಟುವ ಘಾಟಿ) ಹತ್ತಿಸುತ್ತದೆ, 5,300 ಮೀಟರ್ ಮೇಲೆ. ನುಬ್ರಾಕ್ಕೆ ಹೋಗಬೇಕೆಂದರೆ ಖರ್ದುಂಗ್ ಲಾ. ಇಳಿಯಲು ಇರುವುದು ಸಿಂಧೂ ಹರಿಯುವ ದಿಕ್ಕು ಒಂದೇ, ಖಾಲ್ಸಿ ತನಕ ಹೋದರೆ ಸುಮಾರು 3,000 ಮೀಟರ್ ಸಿಗುತ್ತದೆ. ಅದಕ್ಕಿಂತ ಬಹಳ ಕೆಳಗೆ ಬೇಕೆಂದರೆ ವಿಮಾನವೇ. ಅದಕ್ಕಾಗಿಯೇ ಕಾಯಿಲೆ ಬಂದಮೇಲೆ ನೋಡೋಣ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ರಜೆ ಇದ್ದವರು ರಸ್ತೆಯಲ್ಲಿ ಬರುವುದಾದರೆ ಶ್ರೀನಗರದ ಕಡೆಯಿಂದ ಬನ್ನಿ. ಶ್ರೀನಗರ 1,600 ಮೀಟರ್ ಹತ್ತಿರ, ರಾತ್ರಿ ಮಲಗುವ ಕಾರ್ಗಿಲ್ ಸುಮಾರು 2,700. ಜೋಜಿ ಲಾ, ಫೋಟು ಲಾ ದಾಟಿದರೂ ಅಲ್ಲಿ ಮಲಗುವುದಿಲ್ಲವಲ್ಲ. ಮನಾಲಿ ದಾರಿ ನೋಡಲು ಬಹಳ ಚಂದ, ಆದರೆ ಸಾಮಾನ್ಯವಾಗಿ ಸರ್ಚುವಿನ ಡೇರೆಯಲ್ಲಿ ರಾತ್ರಿ ಕಳೆಯಬೇಕಾಗುತ್ತದೆ, ಅದು 4,200 ಮೀಟರ್‌ಗೂ ಹೆಚ್ಚು. ಲೇಹ್‌ಗಿಂತ ಎತ್ತರದಲ್ಲಿ ಮಲಗಿ ಲೇಹ್‌ಗೆ ಬಂದ ಹಾಗಾಯಿತು. ಓಡಲು ಬರುವವರಿಗೆ ಅದು ಬೇಡ.

ಪಣಂಬೂರು ಗಾಳಿ

ನಾವು ಕಡಲ ಮಟ್ಟದಲ್ಲಿ ಇರುವವರು ಮಾರಾಯ್ರೆ, ನಮ್ಮ ಗತಿ ಎಂತ? ಡಯಾಮಾಕ್ಸ್ ಮಾತ್ರೆ ತೆಗೆದುಕೊಂಡರೆ ಆಯ್ತು ಅಂತ ಎಲ್ಲ ಕಡೆ ಹೇಳುತ್ತಾರೆ. ಮತ್ತೆ ಆನ್‌ಲೈನ್‌ನಲ್ಲಿ ಮುಖಕ್ಕೆ ಕಟ್ಟುವ ಟ್ರೇನಿಂಗ್ ಮಾಸ್ಕ್ ಸಿಗುತ್ತದೆ, ಅದನ್ನು ಹಾಕಿ ಓಡಿದರೆ ಎತ್ತರಕ್ಕೆ ಅಭ್ಯಾಸ ಆಗುತ್ತದೆ ಅಂತ ಜಿಮ್‌ನವರು ಹೇಳಿದರು. ಹೌದಾ?

ಡಾಕ್ಟರಮ್ಮ ಶಿವಮೊಗ್ಗ

ಮಾಸ್ಕ್‌ಗೆ ದುಡ್ಡು ಹಾಕಬೇಡಿ. ಅದು ಉಸಿರು ಎಳೆಯಲು ಕಷ್ಟ ಮಾಡುತ್ತದೆ ಅಷ್ಟೆ, ಒಳಗೆ ಹೋಗುವ ಗಾಳಿಯ ಒತ್ತಡ ಮಂಗಳೂರಿನದೇ ಇರುತ್ತದೆ.

ಡಯಾಮಾಕ್ಸ್ ವಿಷಯಕ್ಕೆ ಬರೋಣ. ಅದು ಅಸಿಟಜೋಲಮೈಡ್. ಮೂತ್ರಪಿಂಡ ನಾಲ್ಕು ದಿನದಲ್ಲಿ ಮಾಡುವ ಕೆಲಸವನ್ನು ಬೇಗ ಮಾಡಿಸುತ್ತದೆ, ಹಾಗಾಗಿ ಕಾಯಿಲೆ ಬರುವ ಸಾಧ್ಯತೆ ಕಡಿಮೆಯಾಗುವುದು ನಿಜ. ಹೊರಡುವ ಹಿಂದಿನ ದಿನದಿಂದ ಕಡಿಮೆ ಪ್ರಮಾಣದಲ್ಲಿ ಶುರು ಮಾಡುವುದು ರೂಢಿ. ಆದರೆ ಸಲ್ಫಾ ಔಷಧಿಗೆ ಅಲರ್ಜಿ ಇರುವವರು, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ನಿಮ್ಮ ವೈದ್ಯರನ್ನು ಕಾಣದೆ ಮುಟ್ಟಬಾರದು. ಬೆರಳ ತುದಿ ಜುಮ್ಮೆನ್ನುತ್ತದೆ, ಸೋಡಾ ಕುಡಿದರೆ ಸಪ್ಪೆ ಅನ್ನಿಸುತ್ತದೆ. ಮೂತ್ರ ಹೆಚ್ಚಿಸುವುದರಿಂದ ಓಟದ ದಿನ ನೀರಿನ ಲೆಕ್ಕವೂ ತಪ್ಪಬಹುದು.

ಓಟಗಾರರಿಗೆ ಯಾರೂ ಹೇಳದ ಇನ್ನೊಂದು ವಿಷಯ ಇದೆ. ಮೂತ್ರವರ್ಧಕಗಳ ಜೊತೆ ಈ ಔಷಧಿಯೂ ವಾಡಾದ (ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆ) ನಿಷೇಧಿತ ಪಟ್ಟಿಯಲ್ಲಿದೆ. ಬಹುಮಾನಕ್ಕೆ ಓಡುವವರು, ಕ್ರೀಡಾ ಸಂಸ್ಥೆಗಳಲ್ಲಿ ನೋಂದಾಯಿಸಿಕೊಂಡವರು ಇದನ್ನು ತಿಳಿದಿರಲೇಬೇಕು. ನಮ್ಮಂಥವರಿಗೆ ಪರೀಕ್ಷೆ ಯಾರೂ ಮಾಡಲಿಕ್ಕಿಲ್ಲ, ಆದರೂ ನನ್ನ ಮಾತು ಇಷ್ಟು: ರಜೆಯನ್ನು ಉಳಿಸಲು ಮಾತ್ರೆ ನುಂಗುವುದು ತಪ್ಪು ದಾರಿ. ದಿನ ಕೊಟ್ಟು ನೋಡಿ. ಹಾಗೂ ತೊಂದರೆ ಆಗುವ ಮೈಯಾದರೆ ಆಗ ಔಷಧಿ ಇದ್ದೇ ಇದೆ.

ಹೊರಡುವ ಎರಡು ಮೂರು ತಿಂಗಳ ಮುಂಚೆ ರಕ್ತದಲ್ಲಿ ಹಿಮೋಗ್ಲೋಬಿನ್, ಫೆರಿಟಿನ್ ನೋಡಿಸಿಕೊಳ್ಳಿ, ಮುಖ್ಯವಾಗಿ ಹೆಂಗಸರು. ಕಬ್ಬಿಣಾಂಶ ಖಾಲಿಯಾಗಿರುವ ಮೈ ಎತ್ತರಕ್ಕೆ ಹೊಂದಿಕೊಳ್ಳಲು ಒದ್ದಾಡುತ್ತದೆ. ನಮ್ಮಲ್ಲಿ ಓಡುವ ಹೆಣ್ಣುಮಕ್ಕಳಲ್ಲಿ ಇದು ಸರ್ವೇಸಾಮಾನ್ಯ, ಯಾರೂ ನೋಡಿಸಿಕೊಳ್ಳುವುದಿಲ್ಲ.

ಲಾಲ್‌ಬಾಗ್ ಬೆಳಗು

ಡಾಕ್ಟರಮ್ಮ, ಬಹಳ ಉಪಕಾರವಾಯಿತು. ಮೈಸೂರಿನವರ ಲೆಕ್ಕದಂತೆ ಶನಿವಾರದಿಂದ ಮರುವಾರದ ಸೋಮವಾರದವರೆಗೆ ರಜೆ ಕೇಳಿದ್ದೇವೆ, ಸಿಗುವ ಹಾಗಿದೆ. ಈಗ ಓಟದ ಬಗ್ಗೆ ಹೇಳಿ. ಏರು ಇಳಿಜಾರು ಹೇಗಿದೆ? ನಂದಿ ಬೆಟ್ಟದಲ್ಲಿ ಅಭ್ಯಾಸ ಮಾಡಿದರೆ ಆಗುತ್ತದೆಯೇ?

ಚಾಮುಂಡಿ ಮೆಟ್ಟಿಲು

ನಂದಿ ಬೆಟ್ಟ 1,478 ಮೀಟರ್. ಎತ್ತರದ ಅಭ್ಯಾಸ ಅಲ್ಲಿ ಆಗುವುದಿಲ್ಲ. ನಮ್ಮ ರಾಜ್ಯದಲ್ಲೇ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿ 1,930, ಅಲ್ಲೂ ಆಗುವುದಿಲ್ಲ. ಆದರೆ ಏರು ಹತ್ತುವ ಕಾಲು ಅಲ್ಲಿ ತಯಾರಾಗುತ್ತದೆ, ಅದು ಬೇಕೇ ಬೇಕು. ನನಗೆ ಚಾಮುಂಡಿ ಬೆಟ್ಟ ಇತ್ತು, ನಿಮಗೆ ನಂದಿ ಇದೆ.

ಯಾಕೆ ಬೇಕು ಅಂದರೆ, ಲೇಹ್ ಊರು ಇರುವುದು ಒಂದು ದೊಡ್ಡ ಇಳಿಜಾರಿನ ಮೇಲ್ತುದಿಯಲ್ಲಿ. ಕೆಳಗೆ ಸಿಂಧೂ ನದಿ, ಅದರ ಪಕ್ಕದ ಸ್ಪಿಟುಕ್, ಚೋಗ್ಲಮ್ಸರ್ ಹಳ್ಳಿಗಳು. ಓಟ ಊರಿಂದ ಹೊರಟು ನದಿಯ ಕಡೆಗೆ ಇಳಿದು, ಕಣಿವೆಯಲ್ಲಿ ಓಡಿ, ಕೊನೆಗೆ ಮತ್ತೆ ಊರಿಗೆ ಹತ್ತಬೇಕು. ಮಾರ್ಗದಲ್ಲಿ ಸಣ್ಣಪುಟ್ಟ ಬದಲಾವಣೆ ಆಗುತ್ತಿರುತ್ತದೆ, ಆ ವರ್ಷದ ನಕ್ಷೆ ನೋಡಿಕೊಳ್ಳಿ. ಆದರೆ ಸ್ವಭಾವ ಇದೇ: ಮೊದಲು ಇಳಿಯುವುದು, ಕೊನೆಗೆ ಹತ್ತುವುದು.

ಇದರ ಮರ್ಮ ಇರುವುದು ಆರಂಭದಲ್ಲಿ. ಬೆಳಗಿನ ಚಳಿ, ಡೋಲು ಬಾರಿಸುವವರು, ಸಾವಿರಾರು ಮಕ್ಕಳು, ಕಾಲಡಿಯಲ್ಲಿ ಇಳಿಜಾರು. ಉಸಿರು ಕಟ್ಟುತ್ತಲೇ ಇಲ್ಲವಲ್ಲ, ಇಷ್ಟೇನಾ ಲೇಹ್ ಅನ್ನಿಸುತ್ತದೆ. ಗಡಿಯಾರ ನೋಡಿದರೆ ಬೆಂಗಳೂರಿನ ವೇಗವೇ ತೋರಿಸುತ್ತಿರುತ್ತದೆ. ಆಗ ಬೇಕೆಂದೇ ನಿಧಾನ ಮಾಡಬೇಕು. ಪಕ್ಕದವರು ಮಾತಾಡಿಸಿದರೆ ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡಲು ಆಗಬೇಕು, ಆಗದಿದ್ದರೆ ವೇಗ ಹೆಚ್ಚಾಯಿತು ಅಂತಲೇ ಅರ್ಥ. ಅಷ್ಟು ಎತ್ತರದಲ್ಲಿ ಮೈ ಬಳಸಬಲ್ಲ ಆಮ್ಲಜನಕದ ಗರಿಷ್ಠ ಮಟ್ಟವೇ ಐದರಲ್ಲಿ ಒಂದು ಪಾಲು ಕುಸಿದಿರುತ್ತದೆ. ಹಾಗಾಗಿ ನಿಮ್ಮ ಎರಡೂ ಕಾಲು ಗಂಟೆಯನ್ನು ಎರಡೂ ಮುಕ್ಕಾಲು, ಮೂರು ಅಂತಲೇ ಮನಸ್ಸಿನಲ್ಲಿ ಇಟ್ಟುಕೊಂಡು ಹೊರಡಿ.

ನಮ್ಮ ಕಡೆ ಒಂದು ಏರು ವೇಗವಾಗಿ ಹತ್ತಿ ಏದುಸಿರು ಬಂದರೆ, ಸ್ವಲ್ಪ ನಿಧಾನ ಮಾಡಿದರೆ ನಿಮಿಷದಲ್ಲಿ ಉಸಿರು ವಾಪಸ್ ಬರುತ್ತದೆ. ಅಲ್ಲಿ ಬರುವುದಿಲ್ಲ. ಒಮ್ಮೆ ಸಾಲ ಮಾಡಿದ ಉಸಿರು ಓಟ ಮುಗಿಯುವ ತನಕ ಬಡ್ಡಿ ಕೇಳುತ್ತದೆ. ಕೊನೆಯ ಏರಿನಲ್ಲಿ ನಾನು ನೋಡಿದ್ದು, ನನ್ನನ್ನು ಬೆಳಗ್ಗೆ ಹಿಂದೆ ಹಾಕಿ ಹೋಗಿದ್ದ ಗಟ್ಟಿ ಓಟಗಾರರು ರಸ್ತೆಯ ಪಕ್ಕದ ಪಾಪ್ಲರ್ ಮರಕ್ಕೆ ಕೈಯೂರಿ ನಿಂತಿದ್ದರು. ಅದೇ ಹೊತ್ತಿಗೆ ಲಡಾಖಿ ಶಾಲಾ ಹುಡುಗಿಯರು ಹೆಜ್ಜೆ ಮೇಲೆ ಹೆಜ್ಜೆ ಇಟ್ಟುಕೊಂಡು, ಬಾಯಿ ಮುಚ್ಚಿಕೊಂಡು ಮೂಗಿನಲ್ಲೇ ಉಸಿರಾಡುತ್ತ ಹತ್ತಿ ಹೋಗುತ್ತಿದ್ದರು. ಅವರ ಹಿಂದೆ ಬಿದ್ದು ಅವರ ಹೆಜ್ಜೆಯನ್ನೇ ಹಿಡಿಯಿರಿ. ಓಡಲು ಆಗದಿದ್ದರೆ ನಡೆಯಿರಿ. ನಂದಿಯಲ್ಲಿ ಅಭ್ಯಾಸ ಮಾಡುವಾಗಲೂ ಇದನ್ನೇ ಮಾಡಿ: ಮೊದಲು ಹತ್ತು ಹನ್ನೆರಡು ಕಿಲೋಮೀಟರ್ ಸಮತಟ್ಟು ಓಡಿ ದಣಿದ ಕಾಲಿನಲ್ಲಿ ಬೆಟ್ಟ ಹತ್ತಬೇಕು. ಹೊಸ ಕಾಲಿನಲ್ಲಿ ಹತ್ತಿದರೆ ಪ್ರಯೋಜನವಿಲ್ಲ.

ಧಾರವಾಡದ ಕಾಲು

ಚಾಮುಂಡಿಯವರು ಛಲೋ ಹೇಳಿದ್ರಿ. ನಾ ಖರ್ದುಂಗ್ ಲಾ ಚಾಲೆಂಜ್ ಓಡಿದಾಂವ, ಅದರ ಬಗ್ಗೆ ಯಾರಿಗರ ಮನಸ್ಸಿದ್ರ ಇಲ್ಲೇ ಹೇಳಿಬಿಡ್ತೀನಿ.

72 ಕಿಲೋಮೀಟರ್ ಐತಿ. ಖರ್ದುಂಗ್ ಅನ್ನೋ ಹಳ್ಳಿಯಿಂದ ನಸುಕಿನ ಮೂರಕ್ಕ ಬಿಡ್ತಾರ. ಹಳ್ಳೀನ 4,000 ಮೀಟರ್ ಹತ್ರ ಐತಿ. ಅಲ್ಲಿಂದ 32 ಕಿಲೋಮೀಟರ್ ಬರೇ ಏರು, ಖರ್ದುಂಗ್ ಲಾ ಮುಟ್ಟೋತನಕ, 5,370 ಮೀಟರ್ ಸನೇಕ. ಅಲ್ಲೆ ಗಾಳಿ ಸಮುದ್ರದ ದಂಡಿಯ ಅರ್ಧದಷ್ಟ ಉಳದಿರತೈತಿ. ಆಮ್ಯಾಲೆ 40 ಕಿಲೋಮೀಟರ್ ಇಳದು ಲೇಹ್. ಹದಿನಾಲ್ಕು ತಾಸಿನೊಳಗ ಮುಗಿಸಬೇಕು.

ಮಂದಿ ಏರಿಗೆ ಅಂಜತಾರ. ಏರು ಬಿಡ್ರಿ, ಅದನ್ನ ಎಲ್ಲಾರೂ ನಡದ ಹತ್ತೋದು. ಇಳಿಯೋದು ಐತೆಲ್ಲ, ಅದು ಕೊಲ್ಲತೈತಿ. ಮ್ಯಾಲಿನ ಚಳಿಗೆ ಕೈ ಮರಗಟ್ಟಿರತಾವು, ಊಟ ಒಳಗ ಹೋಗಿರಂಗಿಲ್ಲ, ಆ ಹೊತ್ತಿನ್ಯಾಗ 40 ಕಿಲೋಮೀಟರ್ ಡಾಂಬರ್ ಮ್ಯಾಲೆ ತೊಡೆ ಬಡಕೋತ ಇಳೀಬೇಕು. ಸೌಥ್ ಪುಲ್ಲು ಚೆಕ್‌ಪೋಸ್ಟ್ ದಾಟಿ ಲೇಹ್ ಕಣ್ಣಿಗೆ ಕಾಣಸತೈತಿ, ಕಂಡ ಮ್ಯಾಲೂ ಭಾಳ ದೂರ ಐತಿ. ನೀವು ಇಳಿಜಾರು ಓಡಿ ತೊಡೆ ಗಟ್ಟಿ ಮಾಡಕೊಳ್ಳಾರದ ಹೋಗಬ್ಯಾಡ್ರಿ.

ಜವಾನ್ ಅಣ್ಣಾರು ಸೈನ್ಯದ ಲೆಕ್ಕ ಹೇಳಿದ್ರಲ್ಲ, ಆರು, ನಾಕು, ನಾಕು. ಈ ಓಟಕ್ಕ ಆ ಲೆಕ್ಕಾನ ಖರೇ. ಎರಡು ವಾರಕ್ಕ ಕಡಿಮಿ ಇಟಗೊಂಡು ಬರೋರಿಗೆ ನಾ ಬ್ಯಾಡ ಅಂತೀನಿ. ಸಂಘಟಕರೂ ಮೊದಲ ಬಂದು ಹಾಜರಾಗ್ರಿ ಅಂತ ನಿಯಮ ಇಟ್ಟಾರ, ಫುಲ್ ಮ್ಯಾರಥಾನ್ ಓಡಿದ ದಾಖಲೆ ಕೇಳ್ತಾರ. ಅದು ಇರಬೇಕಾದ್ದ.

ಖರ್ದುಂಗ್ ಹಳ್ಳಿಯ ಮನಿಯಾಗ ಉಳಕೊಂಡಾಗ ಅವ್ವಾರೊಬ್ಬರು ಜವೆ ಹಿಟ್ಟಿನ ಗಂಜಿ ಮಾಡಿ ಕೊಟ್ರು, ನಡುರಾತ್ರಿ ಎದ್ದು. ನಮ್ಮ ಕಡೆ ಜ್ವಾಳದ ಅಂಬಲಿ ಇದ್ದಂಗ. ಆ ಗಂಜಿ ಹೊಟ್ಟಿಯೊಳಗ ಇರೋತನಕ ಕಾಲು ನಡದ್ವು ನೋಡ್ರಿ.

ಪಣಂಬೂರು ಗಾಳಿ

ಎಲ್ಲ ಓದಿದೆ. ಒಂದು ಸಂಗತಿ ಮನಸ್ಸಿನಲ್ಲಿ ಕೊರೆಯುತ್ತಾ ಉಂಟು, ಕೇಳುತ್ತೇನೆ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ನಮ್ಮಲ್ಲಿ ಜುಲೈನ ಒಂದು ಜೋರು ದಿನದಲ್ಲಿ ಅಷ್ಟು ಸುರಿಯುತ್ತದೆ. ಅಂಥ ಊರಿಗೆ ನಾವು ಸಾವಿರಾರು ಜನ ಹೋಗಿ, ದಿನಕ್ಕೆರಡು ಸಲ ಸ್ನಾನ ಮಾಡಿ, ಬಾಟಲಿ ಬಿಸಾಡಿ ಬರುವುದು ನ್ಯಾಯವಾ? ಓಟ ಬೇಕಾದರೆ ಮಂಗಳೂರಿನಲ್ಲೂ ಉಂಟಲ್ಲ.

ಚಾಮುಂಡಿ ಮೆಟ್ಟಿಲು

ಸರ್, ಇದು ಕೇಳಲೇಬೇಕಾದ ಪ್ರಶ್ನೆ. ಅಲ್ಲಿನ ನೀರು ಅಂದರೆ ಮುಖ್ಯವಾಗಿ ಹಿಮ ಕರಗಿದ ನೀರು ಮತ್ತು ಅಂತರ್ಜಲ. ಪ್ರವಾಸಿಗರು ಹೆಚ್ಚಿದಂತೆ ಹೋಟೆಲ್‌ಗಳು ಕೊಳವೆಬಾವಿ ಕೊರೆದವು. ಲಡಾಖಿ ಮನೆಗಳಲ್ಲಿ ಹಿಂದಿನಿಂದ ಇದ್ದದ್ದು ಒಂದು ತೊಟ್ಟು ನೀರೂ ಬೇಡದ ಒಣ ಶೌಚಾಲಯ, ಮಣ್ಣು ಹಾಕಿ ಮುಚ್ಚಿ ವರ್ಷಕ್ಕೊಮ್ಮೆ ಗೊಬ್ಬರವಾಗಿ ಹೊಲಕ್ಕೆ ಒಯ್ಯುತ್ತಾರೆ. ನಾವು ಹೋಗಿ ಫ್ಲಶ್ ಕೇಳಿದೆವು. ವಸಂತದಲ್ಲಿ ಬಿತ್ತನೆಗೆ ನೀರು ಸಿಗಲಿ ಅಂತ ಲಡಾಖಿನ ಎಂಜಿನಿಯರ್ ಚೆವಾಂಗ್ ನೋರ್ಫೆಲ್ ಅವರು ಚಳಿಗಾಲದ ನೀರನ್ನು ತಡೆದು ಕೃತಕ ಹಿಮನದಿ ಕಟ್ಟಿದ ಸೀಮೆ ಅದು. ಅಷ್ಟು ಜೋಪಾನ ಮಾಡುವ ನೀರು.

ಆದರೂ ಓಟವೇ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. 2010ರ ಆಗಸ್ಟ್‌ನಲ್ಲಿ ಮೇಘಸ್ಫೋಟವಾಗಿ ಲೇಹ್, ಚೋಗ್ಲಮ್ಸರ್ ಕೊಚ್ಚಿಹೋಗಿ ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಆ ದುರಂತದಿಂದ ಊರು ಚೇತರಿಸಿಕೊಳ್ಳುತ್ತಿದ್ದಾಗ, 2012ರಲ್ಲಿ, ಈ ಓಟ ಶುರುವಾಯಿತು. ಕಟ್ಟಿದವರು ಲಡಾಖಿನವರೇ ಆದ ಚೆವಾಂಗ್ ಮೋಟುಪ್, ಪರ್ವತ ಪ್ರವಾಸ ನಡೆಸುವ ರಿಮೋ ಎಕ್ಸ್‌ಪೆಡಿಷನ್ಸ್‌ನವರು. ಹೊರಗಿನವರು ಬಂದು ಹೇರಿದ್ದಲ್ಲ. ಓಡುವವರಲ್ಲಿ ದೊಡ್ಡ ಪಾಲು ಅಲ್ಲಿನ ಮಕ್ಕಳೇ, ಚಿಕ್ಕ ಓಟಗಳಲ್ಲಂತೂ ಊರಿಗೆ ಊರೇ ಇರುತ್ತದೆ. ಜಿಗ್ಮೆತ್ ಡೋಲ್ಮಾ, ಸೆತನ್ ಡೋಲ್ಕರ್ ಅಂಥ ಹೆಣ್ಣುಮಕ್ಕಳು ಲಡಾಖಿನಿಂದ ಬಂದು ಮುಂಬೈ ಮ್ಯಾರಥಾನ್‌ನಲ್ಲಿ ಓಡಿ ಹೆಸರು ಮಾಡಿದ್ದಾರೆ. ಸೆಪ್ಟೆಂಬರ್ ಅಂದರೆ ಅಲ್ಲಿ ಪ್ರವಾಸಿಗರ ಗದ್ದಲ ಇಳಿದಿರುವ ಹೊತ್ತು, ಚಳಿಗಾಲಕ್ಕೆ ಮುಂಚೆ ಮನೆಗಳಿಗೆ ನಾಲ್ಕು ಕಾಸು ಬರುವ ಕೊನೆಯ ಅವಕಾಶ.

ಆದ್ದರಿಂದ ಹೋಗುವುದಾದರೆ ಹೋಟೆಲ್ ಬಿಟ್ಟು ಊರಿನವರ ಮನೆಯಲ್ಲಿ ಉಳಿಯಿರಿ. ಒಂದು ಬಕೆಟ್ ನೀರಿನಲ್ಲಿ ಸ್ನಾನ, ಅದೂ ದಿನಾ ಬೇಡ, ಆ ಒಣಹವೆಯಲ್ಲಿ ಬೆವರು ಮೈಮೇಲೆ ನಿಲ್ಲದೆ ಆರಿಹೋಗುತ್ತದೆ. ಬಾಟಲಿ ಮನೆಯಿಂದ ಒಯ್ದು ಕುದಿಸಿದ ನೀರು ತುಂಬಿಸಿಕೊಳ್ಳಿ. ಓಡುವಾಗ ಶಕ್ತಿಗೆ ತಿನ್ನುವ ಜೆಲ್‌ನ ಖಾಲಿ ಪೊಟ್ಟಣವನ್ನು ಜೇಬಿಗೆ ಹಾಕಿಕೊಳ್ಳಿ, ರಸ್ತೆಗೆ ಎಸೆಯಬೇಡಿ. ಹಗುರವಾದ ಪ್ಲಾಸ್ಟಿಕ್ ಅಲ್ಲಿನ ಗಾಳಿಗೆ ಹಾರಿ ಸೀದಾ ಹೊಲಕ್ಕೋ ಕಾಲುವೆಗೋ ಹೋಗುತ್ತದೆ. ಇದನ್ನೆಲ್ಲ ಮಾಡಲು ಮನಸ್ಸಿಲ್ಲದವರು ಬರದಿರುವುದೇ ಒಳ್ಳೆಯದು, ಈ ಮಾತನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಪಣಂಬೂರು ಗಾಳಿ

ಒಪ್ಪಿದೆ. ಊರಿನವರ ಮನೆಯಲ್ಲಿ ಉಳಿಯುವ ಮಾತು ಮನಸ್ಸಿಗೆ ಹಿಡಿಸಿತು.

ಕೊಡಗಿನ ನಿವೃತ್ತ ಜವಾನ್

ಉಳಿದ ಸಣ್ಣ ವಿಷಯಗಳು. ಬೇರೆ ರಾಜ್ಯದ ಪ್ರೀಪೇಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಹೊರಡುವ ಮುಂಚೆಯೇ ಪೋಸ್ಟ್‌ಪೇಡ್ ಮಾಡಿಸಿಕೊಳ್ಳಿ. ಬೆಳಗ್ಗೆ ಓಟದ ಹೊತ್ತಿಗೆ ಐದಾರು ಡಿಗ್ರಿ ಇರಬಹುದು, ಬಿಸಿಲೇರಿದ ಮೇಲೆ ಇಪ್ಪತ್ತರ ಹತ್ತಿರ, ಅದೂ ಚುಚ್ಚುವ ಬಿಸಿಲು. ಟೋಪಿ, ಕಪ್ಪು ಕನ್ನಡಕ, ತುಟಿಗೆ ಮುಲಾಮು ಮರೆಯಬೇಡಿ. ತೆಳು ಕೈಗವಸು ಬೇಕು. ಬೀರು, ರಮ್ಮು, ನಿದ್ದೆ ಮಾತ್ರೆ ಓಟ ಮುಗಿಯುವ ತನಕ ಬೇಡ, ಇವು ನಿದ್ದೆಯಲ್ಲಿ ಉಸಿರನ್ನು ಇನ್ನೂ ಕುಗ್ಗಿಸುತ್ತವೆ. ಊಟಕ್ಕೆ ಥುಕ್ಪಾ (ನೂಡಲ್ಸ್ ಹಾಕಿದ ಸಾರು), ಖಂಬೀರ್ ರೊಟ್ಟಿ, ಅನ್ನ ಬೇಳೆ. ಹಸಿವು ಸಾಯುತ್ತದೆ, ಆದರೂ ಹೊತ್ತಿಗೆ ಸರಿಯಾಗಿ ಉಣ್ಣಬೇಕು.

ರಸ್ತೆಯಲ್ಲಿ ನೀರು ಕೊಡುವ ಜವಾನರು ಸಿಕ್ಕರೆ ಕನ್ನಡದಲ್ಲಿ ಮಾತಾಡಿಸಿ ನೋಡಿ, ಬೆಳಗಾವಿಯವರೋ ಕೊಡಗಿನವರೋ ಒಬ್ಬರಾದರೂ ಇರುತ್ತಾರೆ. ಮಠಗಳಲ್ಲೂ ಕೇಳಿ. ಲಡಾಖಿನ ಎಷ್ಟೋ ಲಾಮಾಗಳು ನಮ್ಮ ಮುಂಡಗೋಡು, ಬೈಲಕುಪ್ಪೆಯ ದೊಡ್ಡ ಮಠಗಳಲ್ಲಿ ವರ್ಷಗಟ್ಟಲೆ ಓದಿ ಬಂದವರು. "ಜುಲೇ" ಅಂತ ನಮಸ್ಕಾರ ಹೇಳಿ ಕರ್ನಾಟಕದಿಂದ ಬಂದಿದ್ದೇವೆ ಅಂದರೆ ಚಹಾ ಕೊಡದೆ ಕಳಿಸುವುದಿಲ್ಲ.

ಜಯನಗರ ಪೇಸರ್

ಡಾಕ್ಟರಮ್ಮ ಹೇಳಿದ ಎರಡರಿಂದ ನಾಲ್ಕನೇ ದಿನದ ವಿಷಯ ನನಗೆ ಗೊತ್ತಿರಲಿಲ್ಲ. ನಮ್ಮ ಗುಂಪಿಗೆ ಇದನ್ನು ಕಳಿಸಿದ್ದೇನೆ. ಈ ಸಲ ಹೋಗುವವರಲ್ಲಿ ಇಬ್ಬರು ಹುಡುಗರು ರಜೆ ಸಿಗದಿದ್ದರೆ ಹಾಫ್ ಬಿಟ್ಟು 5 ಕಿಲೋಮೀಟರ್ ನಡೆದುಕೊಂಡು ಬರುತ್ತೇವೆ ಅಂತಿದ್ದಾರೆ. ಅದಾದರೂ ಪರವಾಗಿಲ್ಲವೇ?

ಡಾಕ್ಟರಮ್ಮ ಶಿವಮೊಗ್ಗ

ಮೂರು ರಾತ್ರಿ ಕಳೆದು, ತಲೆನೋವು ಇಲ್ಲದೆ, ಊಟ ಸೇರುತ್ತಿದ್ದರೆ ನಿಧಾನವಾಗಿ ನಡೆಯಬಹುದು. ಭಾನುವಾರ ಬೆಳಗ್ಗೆ ಎದ್ದಾಗ ತಲೆನೋವು ಇದ್ದರೆ ಅದೂ ಬೇಡ, ರಸ್ತೆ ಪಕ್ಕ ನಿಂತು ಚಪ್ಪಾಳೆ ತಟ್ಟಲಿ. ನೋವಿನ ಮಾತ್ರೆ ನುಂಗಿ ತಲೆನೋವು ಮರೆಸಿಕೊಂಡು ಓಡುವುದು ಮಾತ್ರ ಯಾವ ಕಾರಣಕ್ಕೂ ಆಗಕೂಡದು, ಅವರಿಗೆ ಇದನ್ನು ಒತ್ತಿ ಹೇಳಿ.

ಲಾಲ್‌ಬಾಗ್ ಬೆಳಗು

ಕೊನೆಯದಾಗಿ ಒಂದು. ಎಂಟು ರಾತ್ರಿಗಳಲ್ಲಿ ನುಬ್ರಾ ಅಥವಾ ಪ್ಯಾಂಗಾಂಗ್ ಸೇರಿಸಬಹುದೇ, ಅಥವಾ ಎರಡನ್ನೂ ಬಿಡಬೇಕೇ? ಓಟದ ಮರುದಿನ ಬೆಳಗ್ಗೆಯೇ ವಿಮಾನ ಹತ್ತುವುದರಲ್ಲಿ ತೊಂದರೆ ಇದೆಯೇ?

ಚಾಮುಂಡಿ ಮೆಟ್ಟಿಲು

ಪ್ಯಾಂಗಾಂಗ್ ಬಿಡಿ. ಸರೋವರ ಇರುವುದೇ 4,200 ಮೀಟರ್ ಮೇಲೆ, ಅಲ್ಲಿ ರಾತ್ರಿ ಉಳಿದರೆ ನಿದ್ದೆ ಕೆಡುತ್ತದೆ, ದಾರಿಯೂ ದೂರ. ನುಬ್ರಾ ಬೇಕೆಂದರೆ ಮಂಗಳವಾರ ಇಬ್ಬರೂ ಆರಾಮಾಗಿದ್ದೀರಿ ಅಂತ ಖಚಿತವಾದ ಮೇಲೆ ಬುಧವಾರ ಹೋಗಿ ಗುರುವಾರ ಬನ್ನಿ. ದಿಸ್ಕಿತ್, ಹುಂಡರ್ ಲೇಹ್‌ಗಿಂತ ಕೆಳಗಿವೆ, ನಿದ್ದೆ ಚೆನ್ನಾಗಿ ಬರುತ್ತದೆ. ಖರ್ದುಂಗ್ ಲಾ ಮೇಲೆ ಫೋಟೊಗೆ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ. ಶುಕ್ರವಾರ ಇಪ್ಪತ್ತು ನಿಮಿಷ ಹಗುರ ಓಟ, ಶನಿವಾರ ಏನೂ ಬೇಡ.

ಸೋಮವಾರದ ವಿಮಾನಕ್ಕೆ ತೊಂದರೆ ಇಲ್ಲ. ಲೇಹ್‌ನ ವಿಮಾನಗಳು ಹೆಚ್ಚಾಗಿ ಬೆಳಗಿನವೇ, ಮಧ್ಯಾಹ್ನದ ಗಾಳಿ ಮತ್ತು ತೆಳು ಹವೆಯಲ್ಲಿ ಹಾರಾಟ ಕಷ್ಟ ಅಂತ. ಹವೆ ಕೆಟ್ಟರೆ ರದ್ದಾಗುವುದೂ ಉಂಟು, 2024ರ ಜುಲೈನಲ್ಲಿ ಬಿಸಿಲು ಹೆಚ್ಚಾಯಿತು ಅಂತಲೇ ರದ್ದು ಮಾಡಿದ್ದರು. ಹಾಗಾಗಿ ದೆಹಲಿಯಿಂದ ಬೆಂಗಳೂರಿಗೆ ಟಿಕೆಟ್ಟನ್ನು ಅದೇ ದಿನ ಸಂಜೆಗೆ ಹಾಕಿ, ಮಧ್ಯಾಹ್ನಕ್ಕೆ ಬೇಡ. ಮಂಗಳವಾರ ಆಫೀಸಿನಲ್ಲಿ ದೊಡ್ಡ ಮೀಟಿಂಗ್ ಇಟ್ಟುಕೊಳ್ಳಬೇಡಿ.

ಮನೆ ಗೊತ್ತು ಮಾಡಿಕೊಳ್ಳುವುದನ್ನು ಮೇ ಜೂನ್ ಒಳಗೆ ಮುಗಿಸಿ. ಓಟದ ವಾರ ಊರು ತುಂಬಿರುತ್ತದೆ.